ಆಚೆ ದಡದ ಲೆಕ್ಕ

ಗೊರೆಟ್ಟಿ ಗ್ರೋಗನ್‌ಗೆ ಹಂಸಗಳ ಮೇಲೆ ಹುಟ್ಟಿನಿಂದ ಬಂದ ಪ್ರೀತಿಯೇನೂ ಇರಲಿಲ್ಲ. ಶ್ಯಾನನ್ ನದಿಯ ಪೂರ್ವ ದಡದ ಕ್ಲೂನ್‌ಬೆಗ್‌ನಲ್ಲಿ ಬೆಳೆದವರಿಗೆ ಹಂಸವೆಂದರೆ ಬೇಲಿಯ ಮೇಲೆ ಕೂತ ಕಾಗೆಯಷ್ಟೇ. ನೋಡಿದರೂ ನೋಡಿದ ಹಾಗಿರುವುದಿಲ್ಲ. ಅವಳನ್ನು ಈ ಕೆಲಸಕ್ಕೆ ಎಳೆದು ತಂದವರು ಮಿಸೆಸ್ ಪ್ರಂಟಿ. ಅವಳಿಗೆ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದ್ದ ಟೀಚರು. ನಿವೃತ್ತಿಯಾದ ಮೇಲೆ ಜಿಲ್ಲೆಯ ಹಂಸ ಎಣಿಕೆಯ ಹೊಣೆ ಹೊತ್ತುಕೊಂಡು, ಕಂಡವರನ್ನೆಲ್ಲ ದುರ್ಬೀನು ಕೊಟ್ಟು ನದಿಗೆ ಅಟ್ಟುತ್ತಿದ್ದರು.

ಒಂದು ಭಾನುವಾರ ಪೂಜೆ ಮುಗಿಸಿ ಚರ್ಚಿನ ಬಾಗಿಲಿಗೆ ಬಂದ ಗೊರೆಟ್ಟಿಯನ್ನು ಅವರು ತೋಳು ಹಿಡಿದು ನಿಲ್ಲಿಸಿದರು.

"ನಿನ್ನ ಕಣ್ಣು ಚೆನ್ನಾಗಿದೆ ಕಣೆ. ಮೂರು ಬೆಂಚು ಆಚೆ ಇರೋ ಹುಡುಗಿ ಪುಸ್ತಕ ನೋಡಿ ಕಾಪಿ ಹೊಡೀತಿದ್ದೆ."

"ಅಯ್ಯೋ ಟೀಚರ್, ಅದು ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು. ಈಗ ಆ ಕಣ್ಣನ್ನ ಒಳ್ಳೇ ಕೆಲಸಕ್ಕೆ ಉಪಯೋಗಿಸು. ತಿಂಗಳಿಗೊಂದು ಭಾನುವಾರ. ಸೆಪ್ಟೆಂಬರಿಂದ ಮಾರ್ಚ್ ತನಕ."

ಗೊರೆಟ್ಟಿ ಒಪ್ಪಿಕೊಂಡಳು. ಒಪ್ಪಿಕೊಂಡದ್ದು ಹಂಸಕ್ಕಾಗಿ ಅಲ್ಲ, ಆ ಭಾನುವಾರಕ್ಕಾಗಿ. ಆಗ ಅವಳಿಗೆ ಮೂವತ್ತೈದರ ಆಸುಪಾಸು. ವಾರವೆಲ್ಲ ಊರಾಚೆಯ ಜೌಗುಬಯಲಿನಲ್ಲಿ, ಒಣಗಿಸಿ ಒಲೆಗೆ ಹಾಕುವ ಉರುವಲು ಮಣ್ಣು ಕಡಿಯುವ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ. ಕಪ್ಪು ಮಣ್ಣು ಮೆತ್ತಿದ ಬೂಟು ಹಾಕಿಕೊಂಡು ಬರುವ ಗಂಡಸರಿಗೆ ಆಲೂಗಡ್ಡೆ, ಎಲೆಕೋಸು, ಹಂದಿಮಾಂಸ ಬಡಿಸುತ್ತ, ಅವರ ಕೀಟಲೆಗೆ ಸೌಟು ತೋರಿಸುತ್ತ ದಿನ ಕಳೆಯುತ್ತಿತ್ತು. ಸಂಜೆ ಮನೆಗೆ ಬಂದರೆ ಡೀಲಿಯಾ ದೊಡ್ಡಮ್ಮ. ತಾಯಿ ಸತ್ತ ಮೇಲೆ ಗೊರೆಟ್ಟಿಯನ್ನು ಸಾಕಿದವಳು ಆಕೆ. ಈಗ ಪಾರ್ಶ್ವವಾಯು ಬಡಿದು, ಒಂದು ಮಗ್ಗುಲು ಬಿದ್ದುಹೋಗಿ, ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಮಲಗಿದ್ದಳು. ಎಬ್ಬಿಸುವುದು, ತೊಳೆಸುವುದು, ತಿನ್ನಿಸುವುದು, ಜಪಮಾಲೆ ಹೇಳಿಸುವುದು ಎಲ್ಲ ಗೊರೆಟ್ಟಿಯದೇ. ಎಣಿಕೆಯ ಭಾನುವಾರ ಮಾತ್ರ ಪಕ್ಕದ ಮನೆಯವಳು ಬಂದು ಕೂರುತ್ತಿದ್ದಳು. ಮಧ್ಯಾಹ್ನದ ತನಕ ಗೊರೆಟ್ಟಿ ಯಾರ ಸೊತ್ತೂ ಅಲ್ಲ.

ನದಿಯ ಆ ಭಾಗವನ್ನು ಒಂದೇ ದಡದಿಂದ ಎಣಿಸಲು ಬರುವುದಿಲ್ಲ. ಚಳಿಗಾಲದಲ್ಲಿ ಶ್ಯಾನನ್ ತನ್ನ ದಡ ಮೀರಿ ಎರಡೂ ಕಡೆಯ ಹುಲ್ಲುಗಾವಲಿನ ಮೇಲೆ ಹರಡಿಕೊಂಡುಬಿಡುತ್ತದೆ. ನಡುವೆ ಜೊಂಡು, ನಡುಗಡ್ಡೆ, ಮುಳುಗಿದ ಬೇಲಿ. ಈ ಕಡೆಯಿಂದ ಕಂಡದ್ದು ಆ ಕಡೆಗೆ ಮರೆ. ಅದಕ್ಕೇ ಎರಡು ದಡಕ್ಕೆ ಇಬ್ಬರು, ಒಂದೇ ಹೊತ್ತಿಗೆ. ಇಲ್ಲದಿದ್ದರೆ ಇಲ್ಲಿಂದ ಎದ್ದು ಅಲ್ಲಿ ಇಳಿದ ಗುಂಪು ಎರಡು ಸಲ ಲೆಕ್ಕಕ್ಕೆ ಸೇರಿಬಿಡುತ್ತದೆ.

ಆಚೆ ದಡದ ಲಿಸ್‌ಡರಾದವನು ಫೆಸ್ಟಸ್ ಲಾರ್ಕಿನ್. ಎಲ್ಲರೂ ಕರೆಯುತ್ತಿದ್ದುದು ಫೆಸ್ಟಿ ಅಂತ. ಹಾವುಮೀನು ಹಿಡಿಯುವವನು. ಅವಳಿಗಿಂತ ನಾಲ್ಕೈದು ವರ್ಷ ದೊಡ್ಡವನಿರಬಹುದು, ಒಂಟಿಗ. ಮೊದಲ ವರ್ಷವೆಲ್ಲ ಗೊರೆಟ್ಟಿಗೆ ಅವನು ಒಂದು ಕಪ್ಪು ಕೋಟು ಮತ್ತು ಒಂದು ಟೋಪಿ, ಅಷ್ಟೇ. ಹಂಸಗಳ ಗುಂಪು ಅವನ ಕಡೆಯಿಂದ ಎದ್ದು ಅವಳ ಕಡೆಗೆ ಹಾರಿದರೆ ಅವನು ಟೋಪಿ ತೆಗೆದು ತಲೆಯ ಮೇಲೆ ಸುತ್ತು ತಿರುಗಿಸುತ್ತಿದ್ದ. 'ಬಂದವು, ಇನ್ನು ನಿನ್ನವು' ಅಂತ. ಅವಳ ಕಡೆಯವು ಆಚೆ ಹೋದರೆ ಅವಳು ತಲೆಗೆ ಕಟ್ಟಿದ ವಸ್ತ್ರ ಬಿಚ್ಚಿ ಬೀಸುತ್ತಿದ್ದಳು. ಎಣಿಕೆ ಮುಗಿದ ಮೇಲೆ ಇಬ್ಬರೂ ಕೈ ಎತ್ತುತ್ತಿದ್ದರು. ಅಲ್ಲಿಗೆ ಮುಗಿಯಿತು.

ನೀರು ಇಳಿದ ಸೆಪ್ಟೆಂಬರಿನಲ್ಲಿ, ಮಾರ್ಚಿನಲ್ಲಿ, ನದಿ ತನ್ನ ಪಾತ್ರದೊಳಗೆ ಇರುವಾಗ ಕೂಗಿದರೆ ಕೇಳುತ್ತಿತ್ತು.

"ಗೊರೆಟ್ಟೀ! ಮನೇಲಿ ಇವತ್ತು ಏನಡುಗೆ?"

"ನಿನಗ್ಯಾಕೋ?"

"ಗಾಳಿ ಈ ಕಡೆ ಬೀಸ್ತಿದೆ! ವಾಸನೆನಾದ್ರೂ ಕಳಿಸು ಮಾರಾಯ್ತಿ!"

ಮಧ್ಯದಲ್ಲಿ ಹಂಸಗಳು ಕತ್ತೆತ್ತಿ ಈ ಕಡೆ ಒಮ್ಮೆ, ಆ ಕಡೆ ಒಮ್ಮೆ ನೋಡುತ್ತಿದ್ದವು.

ಅವಳು ಎರಡು ಜಾತಿಯನ್ನೂ ಕಲಿತಳು. ವರ್ಷವಿಡೀ ಇಲ್ಲೇ ಇರುವ ಮೂಕಹಂಸ, ಕಿತ್ತಳೆ ಕೊಕ್ಕು, ಬಾಗಿದ ಕತ್ತು, ಹಾರುವಾಗ ರೆಕ್ಕೆಯೇ ಹಾಡುತ್ತದೆ. ಅಕ್ಟೋಬರಿನಲ್ಲಿ ಸಮುದ್ರ ದಾಟಿ ಐಸ್‌ಲ್ಯಾಂಡಿನಿಂದ ಇಳಿಯುವ ಕೂಗುಹಂಸ, ಹಳದಿ ಕೊಕ್ಕು, ಕೋಲಿನ ಹಾಗೆ ನೆಟ್ಟಗಿನ ಕತ್ತು. ಅವು ದೂರದಿಂದಲೇ ತುತ್ತೂರಿ ಊದಿಕೊಂಡು ಬರುತ್ತಿದ್ದವು. ಬೂದಿ ಬಣ್ಣದ ಮರಿಗಳನ್ನು ಬೇರೆ ಎಣಿಸಬೇಕು. ತಲೆ ನೀರೊಳಗಿಟ್ಟವನ್ನು ಬಿಟ್ಟುಬಿಡಬಾರದು. ಕಲಿಯುತ್ತ ಕಲಿಯುತ್ತ, ತಿಂಗಳ ಉಳಿದ ದಿನಗಳೆಲ್ಲ ಆ ಒಂದು ಭಾನುವಾರದ ಕಡೆಗೆ ಇಳಿಜಾರಾಗಿರುವುದು ಅವಳಿಗೇ ಅರಿವಾಗತೊಡಗಿತು. ಹಂಸಕ್ಕೋ, ಆ ಟೋಪಿಗೋ ಎಂದು ಅವಳು ತನ್ನನ್ನು ಕೇಳಿಕೊಳ್ಳಲಿಲ್ಲ.

ಹೀಗೆ ಐದಾರು ಚಳಿಗಾಲ ಕಳೆದ ಮೇಲೆ ಒಂದು ಮಾರ್ಚ್ ಭಾನುವಾರ. ಋತುವಿನ ಕೊನೆಯ ಎಣಿಕೆ. ಕೂಗುಹಂಸಗಳಿಗೆ ಹೊರಡುವ ಚಡಪಡಿಕೆ ಹತ್ತಿ, ಕತ್ತು ಕುಣಿಸುತ್ತ ಕೂಗಾಡುತ್ತಿದ್ದವು. ಗಾಳಿ ಜೋರಾಗಿತ್ತು. ಎಣಿಕೆ ಮುಗಿಸಿ ಕೈ ಎತ್ತುವ ಹೊತ್ತಿಗೆ ಫೆಸ್ಟಿ ನೀರಿನ ಅಂಚಿಗೆ ಇಳಿದು ಬಂದು, ಎರಡು ಕೈಯನ್ನೂ ಬಾಯಿಗೆ ಹಿಡಿದು ಏನೋ ಕೂಗಿದ.

"ಏನೂ?" ಎಂದಳು ಗೊರೆಟ್ಟಿ.

ಅವನು ಮತ್ತೆ ಕೂಗಿದ. ಗಾಳಿ ಎಲ್ಲ ನುಂಗಿ, ಕೊನೆಯ ಒಂದು ಪದವನ್ನು ಮಾತ್ರ ಈಚೆ ಉಗುಳಿತು. "...ಬರ್ತೀಯಾ?"

"ಕೇಳಿಸ್ಲಿಲ್ಲ ಫೆಸ್ಟೀ!"

ಅವನು ಬಾಯಿಂದ ಕೈ ಇಳಿಸಿದ. ಆಮೇಲೆ ಕೈ ಆಡಿಸಿದ. "ಏನಿಲ್ಲ ಬಿಡು!" ಹಾಳಾದ ಗಾಳಿ ಆಗ ತಣ್ಣಗೆ ನಿಂತಿತ್ತು. ಆ ಮಾತು ಪಕ್ಕದಲ್ಲಿ ನಿಂತು ಹೇಳಿದ ಹಾಗೆ ಕೇಳಿಸಿತು.

ಮುಂದಿನ ಎಣಿಕೆ ಸೆಪ್ಟೆಂಬರಿನಲ್ಲಿ. ಆ ಬೇಸಿಗೆಯೆಲ್ಲ ಗೊರೆಟ್ಟಿ ಈರುಳ್ಳಿ ಹೆಚ್ಚುವಾಗ, ಕ್ಯಾಂಟೀನಿನ ದೊಡ್ಡ ಪಾತ್ರೆ ಉಜ್ಜುವಾಗ, ದೊಡ್ಡಮ್ಮನ ತಲೆ ಬಾಚುವಾಗ ಅದೇ ಪದವನ್ನು ತಿರುವಿ ತಿರುವಿ ನೋಡಿದಳು. ಬರ್ತೀಯಾ? ಎಲ್ಲಿಗೆ? ಮುಂದಿನ ಎಣಿಕೆಗೋ, ಆಚೆ ದಡಕ್ಕೋ, ಒಂದು ದಿನದ ಮಟ್ಟಿಗೋ, ಬದುಕಿಗೋ? ಕೆಳಗೆ ಸೇತುವೆ ಇತ್ತು. ಕಾರಿನಲ್ಲಿ ಸುತ್ತು ಹಾಕಿ ಹೋದರೆ ಒಂದು ಹಾಡಿಗೆ ಇನ್ನೊಂದು ಹಾಡು ಸೇರಿಸಿ ಹಾಡುವಷ್ಟರಲ್ಲಿ ಲಿಸ್‌ಡರಾ. ಹೋಗಿ ಕೇಳಬಹುದಿತ್ತು. 'ಅವತ್ತು ಏನೋ ಕೂಗಿದೆಯಲ್ಲ, ಏನದು?' ಆದರೆ ಅವನು 'ಏನಿಲ್ಲ' ಅಂತ ಎದುರೆದುರೇ ಅಂದುಬಿಟ್ಟರೆ? ಸೆಪ್ಟೆಂಬರ್ ಬಂತು. ಅವನು ಕೂಗಿದ್ದು ಜೊಂಡು ಈ ಸಲ ಎತ್ತರ ಬೆಳೆದಿದೆ ಅಂತ. ಅವಳು 'ಹೌದು ಹೌದು' ಅಂದಳು.

ವರ್ಷಕ್ಕೊಮ್ಮೆ ಮಿಸೆಸ್ ಪ್ರಂಟಿ ಎಣಿಕೆಯವರನ್ನೆಲ್ಲ ಕರೆದು ಚಹಾ ಕೊಡುತ್ತಿದ್ದರು. ಅಲ್ಲಿ ಇಬ್ಬರೂ ಒಂದೇ ಮೇಜಿಗೆ ಕೂತದ್ದೂ ಉಂಟು. ನದಿ ನಡುವೆ ಇಲ್ಲದಿದ್ದರೆ ಇಬ್ಬರಿಗೂ ಮಾತೇ ಹೊರಡದು. ಕತ್ತಿಗೆ ಟೈ ಬಿಗಿದುಕೊಂಡು ಫೆಸ್ಟಿ ಬಿಸ್ಕತ್ತನ್ನು ತಿರುಗಿಸಿ ನೋಡುತ್ತಿದ್ದ.

"ಹತ್ತಿರದಿಂದ ನೀನು ಕುಳ್ಳಿ," ಅಂದ ಒಂದು ಸಲ.

"ಹತ್ತಿರದಿಂದ ನೀನು ಮುದುಕ," ಅಂದಳು ಇವಳು.

ಇಬ್ಬರೂ ನಕ್ಕು ಕೆಂಪಾದರು. ಮಾತು ಅಲ್ಲಿಗೇ ನಿಂತಿತು.

ದೊಡ್ಡಮ್ಮ ತೀರಿಕೊಂಡಳು. ಸರ್ಕಾರ ಹಾವುಮೀನು ಹಿಡಿಯುವುದನ್ನೇ ನಿಷೇಧಿಸಿತು, ಫೆಸ್ಟಿಯ ದೋಣಿ ದಡಕ್ಕೆ ಬಂದು ಕವುಚಿಕೊಂಡಿತು. ಕಾರ್ಖಾನೆ ಮುಚ್ಚಿತು, ಗೊರೆಟ್ಟಿಯ ಸೌಟು ಗೋಡೆಗೆ ಏರಿತು. ಈಗ ಅವಳಿಗೆ ಎಲ್ಲ ದಿನವೂ ಭಾನುವಾರವೇ. ಆದರೂ ಸೇತುವೆ ದಾಟಲಿಲ್ಲ. ಒಬ್ಬ ಮನುಷ್ಯನನ್ನು ದೂರದಿಂದ ಬಯಸುವುದು ಒಂದು ಅಭ್ಯಾಸ. ಅದು ಕೂತ ಮೇಲೆ ಹತ್ತಿರದ್ದಕ್ಕೆ ಕೈ ಚಾಚಲು ಮೈ ಬಗ್ಗುವುದಿಲ್ಲ.

ಅರವತ್ತು ದಾಟಿದ ಮೇಲೆ ಒಂದು ನವೆಂಬರಿನಲ್ಲಿ ಮಿಸೆಸ್ ಪ್ರಂಟಿಯವರ ಫೋನು ಬಂತು. ಅವರಿಗೂ ತುಂಬ ವಯಸ್ಸಾಗಿತ್ತು, ದನಿ ಮಾತ್ರ ತರಗತಿಯದೇ.

"ಫೆಸ್ಟಿ ಕಳಿಸೋ ಲೆಕ್ಕ ನೋಡ್ತಾ ಇದೀನಿ ಗೊರೆಟ್ಟಿ. ಎಲ್ಲಾ ಸೊನ್ನೇಲೇ ಮುಗಿಯುತ್ತೆ. ಹಂಸ ಏನು ಬಿಸ್ಕತ್ ಡಬ್ಬಾನಾ, ಹತ್ತು ಹತ್ತು ಜೋಡಿಸಿ ಕಳಿಸೋಕೆ?"

"ವಯಸ್ಸಾಯ್ತಲ್ಲ ಟೀಚರ್. ಸೋಮಾರಿತನ ಇರಬಹುದು."

"ಫೆಸ್ಟಿ ಸೋಮಾರಿ ಅಲ್ಲ. ನೀನೊಂದು ಸಲ ಹೋಗಿ ನೋಡ್ಕೊಂಡು ಬಾ."

ಮಾರನೆಯ ದಿನವೇ ಗೊರೆಟ್ಟಿ ಸೇತುವೆ ದಾಟಿದಳು. ಇಷ್ಟು ವರ್ಷ ತನ್ನ ಸ್ವಂತಕ್ಕೆ ದಾಟದವಳು ಟೀಚರ ಅಪ್ಪಣೆಗೆ ದಾಟಿದಳು. ಕಾರಿನಲ್ಲಿ ಎರಡು ಸಲ ಕನ್ನಡಿ ನೋಡಿ ಕೂದಲು ಸರಿ ಮಾಡಿಕೊಂಡು, ತನ್ನನ್ನೇ ಬೈದುಕೊಂಡಳು.

ಫೆಸ್ಟಿಯ ಮನೆ ನದಿಗೆ ಬೆನ್ನು ಹಾಕಿ ನಿಂತಿತ್ತು. ಬಾಗಿಲು ತೆಗೆದವನು ಅವಳ ಮುಖವನ್ನು ನೋಡಲಿಲ್ಲ. ಕಿವಿಯ ಪಕ್ಕದಲ್ಲೆಲ್ಲೋ ನೋಡಿದ.

"ಯಾರು?"

"ಯಾರು ಅಂತೀಯಲ್ಲೋ. ಗೊರೆಟ್ಟಿ."

"ಅಯ್ಯೋ ದೇವರೇ," ಅಂದ. ಬಾಗಿಲು ಹಿಡಿದುಕೊಂಡೇ ಇದ್ದ. "ಒಳಗೆ ಬಾ. ಮನೆ ಗಲೀಜಾಗಿದೆ."

ಗಲೀಜೇನೂ ಇರಲಿಲ್ಲ. ಒಂದೊಂದು ವಸ್ತುವೂ ತನ್ನ ಜಾಗದಲ್ಲಿ ಕೂತಿತ್ತು, ಎಷ್ಟೆಂದರೆ ಗೊರೆಟ್ಟಿಗೆ ಸ್ವಲ್ಪ ಭಯವಾಯಿತು. ಫೆಸ್ಟಿ ನೀರು ಕಾಯಿಸಿ ಚಹಾ ಮಾಡಿದ. ಲೋಟಕ್ಕೆ ಬಗ್ಗಿಸುವಾಗ ತೋರುಬೆರಳನ್ನು ಅಂಚಿನೊಳಗೆ ಇಳಿಬಿಟ್ಟಿದ್ದ. ಬಿಸಿ ಬೆರಳಿಗೆ ತಾಕಿದಾಗ ನಿಲ್ಲಿಸಿದ.

"ಇದು ಯಾವಾಗಿಂದ?" ಕೇಳಿದಳು.

"ಯಾವುದು?"

"ಬೆರಳು."

ಅವನು ಕೆಟಲನ್ನು ಕೆಳಗಿಟ್ಟ. ಕುರ್ಚಿ ತಡವಿ ಕೂತ. "ಮಧ್ಯದಲ್ಲಿ ಒಂದು ಹೊಗೆ ಮಚ್ಚೆ ಕಣೆ. ಎಲ್ಲಿ ನೋಡ್ತೀನೋ ಅಲ್ಲೇ ಹೋಗಿ ಕೂರುತ್ತೆ. ಅಂಚಲ್ಲಿ ಮಾತ್ರ ಒಂದಿಷ್ಟು ಪ್ರಪಂಚ ಉಳಿದಿದೆ. ಡಾಕ್ಟರು ವಾಸಿಯಾಗಲ್ಲ ಅಂದ್ರು."

"ಹಾಗಾದ್ರೆ ಲೆಕ್ಕ?"

"ಕಿವಿ ಇದೆಯಲ್ಲ. ಎಷ್ಟು ಗಲಾಟೆ ಅಂದ್ರೆ ಎಷ್ಟಿರಬಹುದು ಅಂತ ಅಂದಾಜು ಮಾಡ್ತೀನಿ. ಮೂಕಹಂಸ ಮಾತ್ರ ಹಾರದೆ ಇದ್ರೆ ಕಷ್ಟ."

ಗೊರೆಟ್ಟಿ ಚಹಾ ಮುಟ್ಟಲಿಲ್ಲ. ಅವಳ ತಲೆಯಲ್ಲಿ ಬೇರೊಂದು ಲೆಕ್ಕ ಓಡುತ್ತಿತ್ತು. "ಹೋದ ಚಳಿಗಾಲ ನಾನು ನಿನಗೆ ಕೈ ಬೀಸ್ತಿದ್ನಲ್ಲ. ಅದರ ಹಿಂದಿನ ಚಳಿಗಾಲಾನೂ."

"ನಾನೂ ಬೀಸ್ತಿದ್ದೆ."

"ಯಾರಿಗೆ?"

"ನೀನು ನಿಂತಿರ್ತೀಯ ಅಂದ್ಕೊಂಡ ಕಡೆಗೆ."

ಅವಳಿಗೆ ಈಗ ಅರ್ಥವಾಯಿತು. ಎರಡು ವರ್ಷದಿಂದ ಅವನ ಕೈ ಅವಳಿಂದ ಒಂದಿಷ್ಟು ಬಲಕ್ಕೆ, ಒಂದು ಆಲ್ಡರ್ ಮರದ ಕಡೆಗೆ ಏಳುತ್ತಿತ್ತು. ಅಲ್ಲಿ ಇನ್ಯಾವಳೋ ನಿಂತಿದ್ದಾಳೆಂದು ಅವಳು ತಿರುಗಿ ತಿರುಗಿ ನೋಡಿದ್ದಳು. ಆ ಹೊಟ್ಟೆಕಿಚ್ಚನ್ನು ಮನೆಗೂ ಹೊತ್ತು ತಂದಿದ್ದಳು.

"ಆ ಮರಕ್ಕೆ ಭಾಗ್ಯ ನೋಡು," ಅಂದಳು.

"ಟೀಚರ್‌ಗೆ ಹೇಳ್ಬೇಡ ಗೊರೆಟ್ಟಿ. ಮೀನು ಹೋಯ್ತು. ಇದೊಂದು ಉಳಿದಿದೆ."

"ಹೇಳ್ದೆ ಇರೋಕಾಗಲ್ಲ ಕಣೋ. ಸುಳ್ಳು ಲೆಕ್ಕ ಸುಳ್ಳು ಲೆಕ್ಕಾನೇ."

"ಹಾಗಾದ್ರೆ ಚಹಾ ಕುಡಿದು ಹೊರಡು," ಅಂದ ಫೆಸ್ಟಿ. ಮುಖ ಗೋಡೆಗೆ ತಿರುಗಿತ್ತು.

ಅವಳು ಹೇಳಿದಳು. ಪಶ್ಚಿಮ ದಡದ ಎರಡು ಚಳಿಗಾಲದ ಅಂಕಿಗಳನ್ನು ಮಿಸೆಸ್ ಪ್ರಂಟಿ ಹೊಡೆದುಹಾಕಿದರು. ಹೇಳಿದ್ದು ಸರಿ ಎಂದು ಗೊರೆಟ್ಟಿಗೆ ಗೊತ್ತಿತ್ತು, ಆದರೂ ರಾತ್ರಿ ಊಟ ಸೇರಲಿಲ್ಲ. ಫೋನು ಮಾಡಿದರೆ ಅವನು ಎತ್ತಲಿಲ್ಲ.

ಡಿಸೆಂಬರಿನ ಎಣಿಕೆಗೆ ಮುಂಚೆ ಅವಳು ಊರಿನ ನಿವೃತ್ತ ಪೊಲೀಸ್ ಸಾರ್ಜೆಂಟ್ ಹೆರಟಿಯ ಬಾಗಿಲು ಬಡಿದಳು. "ಸಾರ್ಜೆಂಟ್, ಜೀವಮಾನ ಪೂರ್ತಿ ದೀಪ ಇಲ್ಲದ ಸೈಕಲ್ ಎಣಿಸಿದ್ದೀರಿ. ಇನ್ನು ಹಂಸ ಎಣಿಸಿ." ಪೂರ್ವ ದಡವನ್ನೂ ತನ್ನ ದುರ್ಬೀನನ್ನೂ ಅವರಿಗೆ ಒಪ್ಪಿಸಿ, ಇನ್ನೊಂದು ದುರ್ಬೀನು ಕೊಂಡುಕೊಂಡು, ಭಾನುವಾರ ಬೆಳಗ್ಗೆ ಲಿಸ್‌ಡರಾದ ದಡಕ್ಕೆ ಇಳಿದಳು.

ಫೆಸ್ಟಿ ಅಲ್ಲೇ ನಿಂತಿದ್ದ. ಎಣಿಸುವ ಕೆಲಸವಿಲ್ಲದಿದ್ದರೂ ಬಂದಿದ್ದ. ಹೆಜ್ಜೆ ಸದ್ದಿಗೆ ತಲೆ ತಿರುಗಿಸಿದ.

"ಯಾಕೆ ಬಂದೆ?"

"ಈ ದಡಕ್ಕೆ ಕಣ್ಣು ಬೇಕಾಗಿದೆಯಂತೆ."

ಅವಳು ಎಣಿಸತೊಡಗಿದಳು. ಕಾಲಡಿ ನೀರು ಹೆಪ್ಪುಗಟ್ಟಿ ಚಿಟಿಚಿಟಿ ಎನ್ನುತ್ತಿತ್ತು. ತುಂಬ ಹೊತ್ತಾದ ಮೇಲೆ, ಕೆಮ್ಮಿ, ಅವನು ಹೇಳಿದ. "ಬಲಗಡೆ ಜೊಂಡಿನ ಹಿಂದೆ ನೋಡು. ಅಲ್ಲೊಂದು ಸಂಸಾರ ಇದೆ. ಮರಿ ಪಿಳಿಪಿಳಿ ಅಂತಿದೆ."

ನೋಡಿದಳು. ಇತ್ತು.

"ನಮ್ಮ ದಡದಿಂದ ಇದು ಯಾವತ್ತೂ ಕಂಡೇ ಇಲ್ಲ ಫೆಸ್ಟಿ."

"ಆಚೆ ದಡದಿಂದ ಅನ್ನು. ನೀನು ಈಗ ನಿಂತಿರೋದು ನನ್ನ ದಡದಲ್ಲಿ."

ಅವನು ನಕ್ಕಿದ್ದ. ಮುನಿಸು ಅಲ್ಲಿಗೆ ಕರಗಿತು. ಎಣಿಕೆ ಮುಗಿದಾಗ ದೂರದ ಪೂರ್ವ ದಡದಲ್ಲಿ ಸಾರ್ಜೆಂಟರು ಟ್ರಾಫಿಕ್ ನಿಲ್ಲಿಸುವ ಹಾಗೆ ಎರಡೂ ಕೈ ಎತ್ತಿ ನಿಂತರು.

ಅವತ್ತಿನಿಂದ ಭಾನುವಾರಗಳೆಲ್ಲ ಲಿಸ್‌ಡರಾದಲ್ಲೇ ಕಳೆದವು, ಎಣಿಕೆ ಇರಲಿ ಬಿಡಲಿ. ಅವಳು ಅವನ ಒಲೆಯಲ್ಲಿ ಅಡುಗೆ ಮಾಡುತ್ತಿದ್ದಳು. ಅವನು ಆಲೂಗಡ್ಡೆ ಸುಲಿಯುತ್ತಿದ್ದ, ಅದಕ್ಕೆ ಕಣ್ಣು ಬೇಡ. ಒಂದು ಮಧ್ಯಾಹ್ನ ಎಲೆಕೋಸು ಹೆಚ್ಚುತ್ತ, ಬೆನ್ನು ಅವನ ಕಡೆಗಿದ್ದುದರಿಂದ ಧೈರ್ಯ ಬಂದು, ಅವಳು ಕೇಳಿದಳು.

"ಎಷ್ಟೋ ವರ್ಷದ ಹಿಂದೆ, ಒಂದು ಮಾರ್ಚಲ್ಲಿ, ಜೋರು ಗಾಳಿ. ಈ ದಡದಿಂದ ನೀನು ಏನೋ ಕೂಗಿದೆ. ಆಮೇಲೆ ಏನಿಲ್ಲ ಬಿಡು ಅಂದೆ. ನೆನಪಿದೆಯಾ?"

ಚಾಕುವಿನ ಸದ್ದು ಎರಡೂ ಕಡೆ ನಿಂತಿತು.

"'ಊಟಕ್ಕೆ ಬರ್ತೀಯಾ' ಅಂತ ಕೇಳಿದ್ದು," ಅಂದ ಫೆಸ್ಟಿ.

"ಅಷ್ಟೇನಾ?"

"ಅಷ್ಟೇ. ಬೆಳಗ್ಗೆ ಎದ್ದು ಹಂದಿಮಾಂಸ ಬೇಯೋಕಿಟ್ಟಿದ್ದೆ. ಹೊಸ ಮೇಜುಬಟ್ಟೆ ತಂದಿದ್ದೆ."

"ಬರ್ತಿದ್ದೆ ಕಣೋ," ಅಂದಳು ಗೊರೆಟ್ಟಿ. ಹೆಚ್ಚಿದ ಎಲೆಕೋಸನ್ನು ನೋಡುತ್ತಲೇ ಇದ್ದಳು. "ಇನ್ನೊಂದು ಸಲ ಕೂಗೋಕೆ ಏನಾಗಿತ್ತು ನಿನಗೆ?"

"ಇದ್ದ ಧೈರ್ಯ ಎಲ್ಲಾ ಎರಡು ಕೂಗಿಗೆ ಖರ್ಚಾಗೋಯ್ತು. ಮೂರನೇದಕ್ಕೆ ಉಳೀಲಿಲ್ಲ."

ಊಟವಾಯಿತು. ತೊಳೆದಿಟ್ಟ ತಟ್ಟೆಗಳನ್ನು ಒರೆಸುವಾಗ ಅವನ ಕೈ ಅವಳ ಮೊಣಕೈಗೆ ತಾಗಿ, ಅಲ್ಲೇ ಸ್ವಲ್ಪ ಹೊತ್ತು ಉಳಿಯಿತು.

ಇನ್ನು ಏನು ಅಡ್ಡಿ ಎಂದು ಯಾರಾದರೂ ಕೇಳಬಹುದು. ಕತ್ತಲಾಗುವ ಹೊತ್ತಿಗೆ ಅವಳು ಕೋಟು ಹಾಕಿಕೊಂಡರೆ ಅವನು ಹೊಸ್ತಿಲ ತನಕ ಬರುತ್ತಿದ್ದ.

"ಇಷ್ಟು ಮಂಜಲ್ಲಿ ಹೋಗ್ತೀಯಾ?"

"ಹೋಗ್ಬೇಕು. ಕೋಳಿಗಳಿಗೆ ಕಾಳು ಹಾಕ್ಬೇಕು."

"ನಿನ್ನ ಹತ್ರ ಕೋಳಿ ಯಾವಾಗ ಬಂದ್ವು?"

ಅವಳ ಹತ್ತಿರ ಕೋಳಿ ಇರಲಿಲ್ಲ. ಕಾರಿನಲ್ಲಿ ಸೇತುವೆ ದಾಟುವಾಗ ತನ್ನ ಮೇಲೆ ತನಗೇ ಸಿಟ್ಟು ಬಂದು ಸ್ಟೀರಿಂಗಿಗೆ ಗುದ್ದುತ್ತಿದ್ದಳು. ಮುಂದಿನ ಭಾನುವಾರ ಅವನು ಇನ್ನೊಂದು ಮಾತು ಹೆಚ್ಚು ಹೇಳಿದರೆ ಉಳಿದುಬಿಡುತ್ತೇನೆ ಎಂದುಕೊಳ್ಳುತ್ತಿದ್ದಳು. ಅವನು ಆ ಇನ್ನೊಂದು ಮಾತನ್ನು ಅವಳು ಹೇಳಲಿ ಎಂದು ಕಾಯುತ್ತಿದ್ದನೇನೋ. ಮೂರು ಚಳಿಗಾಲ ಹಾಗೇ ಹೋದವು. ಅವಳ ಬದುಕಿನಲ್ಲಿ ಅವೇ ಒಳ್ಳೆಯವು.

ನಾಲ್ಕನೆಯ ವರ್ಷದ ಶರತ್ಕಾಲದಲ್ಲಿ ಫೆಸ್ಟಿ ದೋಣಿಕಟ್ಟೆಯ ಪಾಚಿಯ ಮೇಲೆ ಜಾರಿ ಬಿದ್ದ. ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯಿಂದ ಅವನು ಮನೆಗೆ ಮರಳಲಿಲ್ಲ. ಆಥ್ಲೋನ್‌ನಲ್ಲಿದ್ದ ಅಣ್ಣನ ಮಗ ಬಂದು, ಕಣ್ಣಿಲ್ಲದವರು ಒಬ್ಬರೇ ಇರುವುದು ಬೇಡವೆಂದು, ನದಿಯಿಂದ ದೂರದ ಒಂದು ಊರಿನ ಆರೈಕೆಯ ಮನೆಗೆ ಸೇರಿಸಿದ. ಕೆಟ್ಟ ಜಾಗವೇನಲ್ಲ. ಬೆಚ್ಚಗಿತ್ತು, ನರ್ಸುಗಳು ಒಳ್ಳೆಯವರಿದ್ದರು. ಆದರೆ ಕಿಟಕಿ ತೆರೆದರೆ ಕಾರುಗಳ ಸದ್ದು ಮಾತ್ರ.

ಗೊರೆಟ್ಟಿ ಎಣಿಕೆ ಮುಗಿಸಿದವಳೇ ಅಲ್ಲಿಗೆ ಹೋಗುತ್ತಿದ್ದಳು. ಮೊದಲ ಸಲ ಅಂಕಿಗಳನ್ನು ಒಂದೊಂದಾಗಿ ಒಪ್ಪಿಸಿದಳು. ಇಷ್ಟು ದೊಡ್ಡವು, ಇಷ್ಟು ಮರಿಗಳು. ಅವನು ಸಹನೆಯಿಂದ ಕೇಳಿಸಿಕೊಂಡ.

"ಅದು ಟೀಚರ್‌ಗೆ. ಅವು ಏನು ಮಾಡ್ತಿದ್ವು ಅಂತ ಹೇಳು."

"ಏನು ಮಾಡ್ತಿದ್ವು ಅಂದ್ರೆ? ಇದ್ವು."

"ಅಯ್ಯೋ ಮಾರಾಯ್ತಿ! ಇಷ್ಟು ವರ್ಷ ಅವನ್ನ ನೋಡಿದೀಯಾ, ಬರೀ ತಲೆ ಎಣಿಸಿದೀಯಾ?"

ಆ ಮಾತು ಅವಳಿಗೆ ನಾಟಿತು. ಮುಂದಿನ ತಿಂಗಳು ಎಣಿಕೆಯಾದ ಮೇಲೂ ದಡದಲ್ಲೇ ಕೂತಳು. ಒಂದು ಮುದಿ ಗಂಡುಹಂಸ ತನ್ನ ಪಾಲಿನ ನೀರಿಗೆ ಬಂದ ಪರದೇಶಿಗಳನ್ನು ಅಟ್ಟುವುದಕ್ಕೆ ರೆಕ್ಕೆ ಉಬ್ಬಿಸಿಕೊಂಡು ಹೋಗಿ, ಅವು ಹೆದರದೇ ಇದ್ದಾಗ ಏನೂ ಆಗಿಲ್ಲವೆಂಬಂತೆ ಕತ್ತು ಕೆರೆದುಕೊಂಡು ಹಿಂದೆ ಬಂದದ್ದು. ಬೂದಿ ಮರಿಯೊಂದು ಹಿಮದ ಹಾಳೆಯ ಮೇಲೆ ಹತ್ತಿ, ಕಾಲು ಜಾರಿ ಕೂತುಬಿಟ್ಟದ್ದು. ಇವನ್ನೆಲ್ಲ ಹೊತ್ತು ತಂದು ಅವನ ಹಾಸಿಗೆಯ ಪಕ್ಕ ಹೇಳಿದಳು. ಫೆಸ್ಟಿ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ. ಪಕ್ಕದ ಹಾಸಿಗೆಯ ಮುದುಕ, "ಸ್ವಲ್ಪ ಜೋರಾಗಿ ಹೇಳಮ್ಮ, ಆಮೇಲೆ ಆ ಮರಿ ಎದ್ದಿತಾ?" ಎನ್ನುತ್ತಿದ್ದ.

ಜನವರಿಯಲ್ಲಿ ಫೆಸ್ಟಿ ಹೇಳಿದ, "ಒಂದೇ ಒಂದು ಸಲ ಕರ್ಕೊಂಡ್ಹೋಗು."

ಮೇಟ್ರನ್ ಹತ್ತಿರ ಬೇಡಿ, ಎರಡು ಕಂಬಳಿ, ಗಾಲಿಕುರ್ಚಿ, ಫ್ಲಾಸ್ಕು ಕಾರಿಗೇರಿಸಿಕೊಂಡು ಎಣಿಕೆಯ ಭಾನುವಾರ ಅವನನ್ನು ಲಿಸ್‌ಡರಾಕ್ಕೆ ತಂದಳು. ಆ ವರ್ಷ ಮಳೆ ವಿಪರೀತ. ನೀರು ಏರಿ ರಸ್ತೆಯನ್ನೇ ಅರ್ಧ ತಿಂದಿತ್ತು. ಹುಲ್ಲೆಲ್ಲ ಆಳದಲ್ಲಿ ಮುಳುಗಿ, ಮೇಯಲು ಏನೂ ಸಿಗದೆ, ಹಂಸಗಳು ಬೇರೆ ಕಡೆ ಹೋಗಿದ್ದವು. ಗೊರೆಟ್ಟಿ ನೀರಿನಂಚಿಗೆ ಕಾರು ನಿಲ್ಲಿಸಿ, ಅವನ ಕಡೆಯ ಕಿಟಕಿ ಇಳಿಸಿ, ದುರ್ಬೀನನ್ನು ಈ ತುದಿಯಿಂದ ಆ ತುದಿಗೆ ಆಡಿಸಿದಳು. ಬೂದು ನೀರು, ಬೇಲಿಯ ತುದಿಗಳು. ಒಂದು ಬಿಳಿ ಚುಕ್ಕೆಯೂ ಇಲ್ಲ.

"ಇದಾವಾ?"

"ಇದಾವೆ," ಅಂದಳು. ಹೇಗೆ ಬಂತೋ ಆ ಮಾತು. "ನಡುಗಡ್ಡೆ ಹತ್ರ. ಒಂದು ಇಪ್ಪತ್ತಿರಬಹುದು. ಮಲಗಿವೆ."

ಫೆಸ್ಟಿ ಕಿವಿಯನ್ನು ಹೊರಗಿಟ್ಟು ಕೂತ.

"ಗೊರೆಟ್ಟಿ."

"ಹ್ಞೂಂ."

"ಎಲ್ಲಾ ಮಲಗಿದ್ರೂ ಒಂದು ಎದ್ದಿರುತ್ತೆ. ಅದು ಗೊಣಗ್ತಾ ಇರುತ್ತೆ."

ಅವಳು ದುರ್ಬೀನನ್ನು ಮಡಿಲಿಗೆ ಇಳಿಸಿದಳು.

"ನನ್ನ ಎರಡು ಚಳಿಗಾಲ ಹೊಡೆದುಹಾಕಿಸಿದೋಳು ಇವಳೇನಾ!" ಅಂದವನೇ ಫೆಸ್ಟಿ ನಗತೊಡಗಿದ. ನಕ್ಕು ನಕ್ಕು ಕೆಮ್ಮು ಬಂತು. ಅವಳೂ ನಕ್ಕಳು, ಕಣ್ಣು ಒರೆಸಿಕೊಂಡಳು. "ಸೊನ್ನೆ ಹಾಕು. ಸೊನ್ನೆಯೂ ಲೆಕ್ಕಾನೇ."

ಸೊನ್ನೆ ಹಾಕಿದಳು. ಆದರೆ ಹೊರಡೋಣವೆಂದು ಇಬ್ಬರೂ ಹೇಳಲಿಲ್ಲ. ಫ್ಲಾಸ್ಕಿನ ಮುಚ್ಚಳವನ್ನು ಅವನ ಎರಡು ಕೈಯೊಳಗಿಟ್ಟು, ಅದರ ಮೇಲೆ ತನ್ನ ಕೈ ಮುಚ್ಚಿ ಹಿಡಿದಳು. ನೀರು ಕಾರಿನ ಚಕ್ರದ ಹತ್ತಿರ ಗುಳುಗುಳು ಎನ್ನುತ್ತಿತ್ತು.

"ಮನೆ ಕೀಲಿ ನೀನು ಇಟ್ಕೋ," ಅಂದ ಸ್ವಲ್ಪ ಹೊತ್ತಿನ ಮೇಲೆ. "ವಾರಕ್ಕೊಂದು ಸಲ ಒಲೆ ಹಚ್ಚು. ಗೋಡೆ ತೇವ ಹಿಡಿಯುತ್ತೆ."

"ಹಚ್ತೀನಿ."

"ರಾತ್ರಿ ಉಳಿಬೇಕು ಅನ್ನಿಸಿದ್ರೆ ಉಳ್ಕೋ. ಹಿಂದಿನ ಕೋಣೆ ಬೆಚ್ಚಗಿರುತ್ತೆ."

"ನಾನು ಇಲ್ಲಿದ್ದು ನೀನು ಅಲ್ಲಿದ್ರೆ ಏನು ಬಂತು ಫೆಸ್ಟಿ?"

"ಗೊತ್ತು," ಅಂದ. "ಗೊತ್ತು ಕಣೆ."

ಹೊತ್ತು ಮುಳುಗುವ ಮೊದಲು ಅವನನ್ನು ವಾಪಸು ಬಿಟ್ಟು ಬಂದಳು.

ಫೆಸ್ಟಸ್ ಲಾರ್ಕಿನ್ ಮೇ ತಿಂಗಳಲ್ಲಿ ತೀರಿಕೊಂಡ. ಎದೆಯಲ್ಲಿ ಕಫ ಕಟ್ಟಿತ್ತು. ಕೂಗುಹಂಸಗಳು ಹೋಗಿ ತಿಂಗಳು ಕಳೆದಿತ್ತು, ಹುಲ್ಲುಗಾವಲು ಹಸಿರಾಗಿ ದನ ಮೇಯುತ್ತಿದ್ದವು. ಹೂಳುವ ದಿನ ಮಿಸೆಸ್ ಪ್ರಂಟಿ ಕೋಲೂರಿಕೊಂಡು ಬಂದು ಗೊರೆಟ್ಟಿಯ ಪಕ್ಕ ನಿಂತರು. ಗೊರೆಟ್ಟಿಗೆ ಆ ಸಾಲಿನಲ್ಲಿ ಹೆಂಡತಿಯ ಜಾಗವೂ ಇರಲಿಲ್ಲ, ತಂಗಿಯ ಜಾಗವೂ ಇರಲಿಲ್ಲ. ಬಂದವರು ಅಣ್ಣನ ಮಗನ ಕೈ ಕುಲುಕಿ, 'ನಿಮ್ಮ ದುಃಖಕ್ಕೆ ವಿಷಾದ' ಎಂದು ಹೇಳಿ ಅವಳನ್ನು ದಾಟಿ ಹೋದರು. ಟೀಚರು ಮಾತ್ರ ಅವಳ ಕೈ ಹಿಡಿದು ಅದನ್ನೇ ಹೇಳಿದರು. ಆಗ ಅವಳು ಅತ್ತಳು.

ಮನೆಯನ್ನು ಮಾರುವ ತನಕ ಕೀಲಿ ಇಟ್ಟುಕೊಳ್ಳಿ ಎಂದು ಅಣ್ಣನ ಮಗ ಹೇಳಿದ. ಒಳ್ಳೆಯ ಹುಡುಗ. ಗೊರೆಟ್ಟಿ ಬೇಸಿಗೆಯಲ್ಲೂ ವಾರಕ್ಕೊಮ್ಮೆ ಹೋಗಿ ಒಲೆ ಹಚ್ಚಿದಳು. ಕ್ಲೂನ್‌ಬೆಗ್‌ನಲ್ಲಿ ಕೆಲವರು ಆಡಿಕೊಂಡರು. ಸಾರ್ಜೆಂಟ್ ಹೆರಟಿ ಅವರ ಬಾಯಿ ಮುಚ್ಚಿಸಿದರೆಂದು ಆಮೇಲೆ ಗೊತ್ತಾಯಿತು.

ಅಕ್ಟೋಬರಿನ ಒಂದು ಗುರುವಾರ. ಒಲೆಗೆ ಉರುವಲು ಮಣ್ಣಿನ ಒಣ ಹೆಂಟೆ ಒಟ್ಟಿ, ಬೆಂಕಿ ಹಿಡಿಯಲೆಂದು ಅವಳು ಮಂಡಿಯೂರಿ ಊದುತ್ತಿದ್ದಳು. ಹೊಗೆಕೊಳವೆಯ ಒಳಗಿನಿಂದಲೇ ಆ ಸದ್ದು ಇಳಿದು ಬಂತು. ಮೊದಲು ಒಂದು, ಆಮೇಲೆ ಎರಡು, ಆಮೇಲೆ ಅನೇಕ. ಗೊರೆಟ್ಟಿ ಕೋಟಿಲ್ಲದೆ ಹೊರಗೋಡಿದಳು. ಕೂಗುಹಂಸಗಳು ಚಾವಣಿಯ ಮೇಲೆಯೇ ಹಾದುಹೋದವು, ಎಷ್ಟು ಕೆಳಗೆ ಎಂದರೆ ಕಾಲುಗಳು ಹೊಟ್ಟೆಗೆ ಅಂಟಿದ್ದು ಕಾಣುತ್ತಿತ್ತು. ಸಮುದ್ರವಿಡೀ ಕೂಗಿಕೊಂಡು ಬಂದ ದನಿ ಒಡೆದಿತ್ತು.

ಇಲ್ಲೇ ಇಳಿಯುತ್ತವೆ ಎಂದುಕೊಂಡಳು. ಇಳಿಯಲಿಲ್ಲ. ನದಿಯ ತಿರುವಿನ ತನಕ ಹೋಗಿ, ಅದನ್ನೂ ದಾಟಿ, ಇನ್ಯಾರೋ ಎಣಿಸುವ ನೀರಿನ ಕಡೆಗೆ ಹೊರಟುಹೋದವು. ಅವತ್ತು ಎಣಿಕೆಯ ದಿನವೂ ಆಗಿರಲಿಲ್ಲ. ಎಷ್ಟಿದ್ದವು ಎಂದು ಅವಳು ನೋಡಿಕೊಳ್ಳಲೇ ಇಲ್ಲ. ಸಾಲಿನ ಕೊನೆಯ ಒಂದು ಹಿಂದೆ ಬಿದ್ದು ರೆಕ್ಕೆ ಬಡಿಯುತ್ತಿತ್ತು, ಮುಂದಿನದು ಅದಕ್ಕಾಗಿ ವೇಗ ತಗ್ಗಿಸಿದ ಹಾಗೆ ಕಂಡಿತು. ಇದನ್ನು ಫೆಸ್ಟಿಗೆ ಹೇಳಬೇಕು ಎಂದುಕೊಂಡು ಅವಳು ಬಾಯಿ ತೆರೆದು, ಅಂಗಳದಲ್ಲಿ ನಿಂತಿದ್ದಳು.

ಒಳಗೆ ಬೆಂಕಿ ಹಿಡಿದುಕೊಂಡಿತ್ತು. ಹೋಗಿ ಬಾಗಿಲು ಹಾಕಿಕೊಂಡಳು.